ಲಕ್ಷ ಕ್ಯುಸೆಕ್ ಬಿಟ್ಟರೆ ನಮ್ಮೂರಿನ ಯಾವ ಓಣಿಗೆ ನೀರು?

ಜುಲೈ ಬಂತೆಂದರೆ ಬೆಳಗಾವಿ, ಬಾಗಲಕೋಟೆ ಕಡೆ ಪೇಪರಿನಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಒಂದೇ ಥರದ ಸುದ್ದಿ ಶುರುವಾಗುತ್ತದೆ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್, ದೂಧಗಂಗಾದಿಂದ ಇಷ್ಟು, ಎರಡೂ ಸೇರಿ ಕಲ್ಲೋಳದ ಹತ್ತಿರ ಕೃಷ್ಣೆಯಲ್ಲಿ ಇಷ್ಟು. ಓದಿದವರಿಗೆ ಹೊಳೆ ಏರುತ್ತಿದೆ ಅನ್ನೋದು ಗೊತ್ತಾಗುತ್ತದೆ. ಆದರೆ ಅಥಣಿ ತಾಲ್ಲೂಕಿನ ಹುಲಗಬಾಳಿಯಲ್ಲೋ ಸತ್ತಿಯಲ್ಲೋ ಕುಳಿತ ರೈತನಿಗೆ ಬೇಕಾದ ಮಾತು ಬೇರೆ. ನೀರು ನನ್ನ ಹೊಲಕ್ಕೆ ಬರುತ್ತದೋ, ತೋಟದ ಮನೆಗೂ ಬರುತ್ತದೋ, ದನಗಳನ್ನು ಇವತ್ತೇ ಹೊಡೆದುಕೊಂಡು ಹೋಗಬೇಕೋ, ನಾಳೆ ಹೋದರೂ ನಡೆಯುತ್ತದೋ? ಕ್ಯುಸೆಕ್ ಸಂಖ್ಯೆ ಇದಕ್ಕೆ ಉತ್ತರ ಕೊಡುವುದಿಲ್ಲ. ನಕ್ಷೆ ಕೊಡಬಲ್ಲದು.

ಉಪಗ್ರಹದ ಚಿತ್ರ, ನೆಲದ ಎತ್ತರದ ಲೆಕ್ಕ, ಸರ್ವೆ ನಂಬರಿನ ಗಡಿ, ಮಳೆ ಮಾಪಕದ ಅಂಕಿ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ಎಲ್ಲಿ ಎಷ್ಟು ಅಪಾಯ ಎಂದು ಅಳೆಯುವ ವಿದ್ಯೆ ಈಗ ಚೆನ್ನಾಗಿ ಬೆಳೆದಿದೆ. ಇದಕ್ಕೆ ಬೇಕಾದ ಸಾಮಾನಿನಲ್ಲಿ ಬಹುಪಾಲು ನಮ್ಮ ರಾಜ್ಯದಲ್ಲೇ ಇದೆ. ಅದನ್ನು ಜಿಲ್ಲಾ ಮಟ್ಟದ ಬಣ್ಣದ ಚಿತ್ರದಿಂದ ಸರ್ವೆ ನಂಬರಿನ ಮಟ್ಟಕ್ಕೆ ಇಳಿಸುವ ಕೆಲಸ ಬಾಕಿ ಇದೆ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿ.

ಮೊದಲು ಕ್ಯುಸೆಕ್ ಲೆಕ್ಕ ನೋಡೋಣ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದಾಜು 28 ಲೀಟರ್ ನೀರು. 1 ಲಕ್ಷ ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಜಾಸ್ತಿ ನೀರು ಬಿಟ್ಟಿದ್ದರು. ಆ ವೇಗದಲ್ಲಿ ನೀರು ಒಳಗೆ ಬಂದರೆ 123 ಟಿಎಂಸಿಯ ಆ ದೊಡ್ಡ ಜಲಾಶಯ ಪೂರ್ತಿ ಖಾಲಿ ಇದ್ದರೂ ಮೂರು ದಿನದೊಳಗೆ ತುಂಬುತ್ತದೆ. ಇಷ್ಟು ನೀರಿನ ಮುಂದೆ ಅಣೆಕಟ್ಟು ತಡೆಯುವುದಕ್ಕೂ ಒಂದು ಮಿತಿ ಇದೆ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಅಷ್ಟೇ ಕ್ಯುಸೆಕ್ ನೀರು ಎಲ್ಲ ಕಡೆ ಒಂದೇ ಥರ ಹರಡುವುದಿಲ್ಲ. ಅಥಣಿ, ರಾಯಬಾಗ, ಜಮಖಂಡಿ ಕಡೆ ಕೃಷ್ಣೆಯ ದಂಡೆ ಅಗಲ, ನೆಲ ಸಪಾಟು. ಅಲ್ಲಿ ನೀರು ನಿಧಾನ ಏರುತ್ತದೆ, ದೂರದವರೆಗೆ ಹಬ್ಬುತ್ತದೆ, ದಿನಗಟ್ಟಲೆ ನಿಲ್ಲುತ್ತದೆ. ಗೋಕಾಕದ ಕಥೆ ಬೇರೆ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು, ಹಿರಣ್ಯಕೇಶಿಯ ನೀರು, ಮಾರ್ಕಂಡೇಯದ ನೀರು ಒಂದೇ ಹೊತ್ತಿಗೆ ಕೂಡಿದರೆ ಘಟಪ್ರಭೆ ಲೋಳಸೂರ ಸೇತುವೆ ಮುಳುಗಿಸಿ ಪೇಟೆಯೊಳಗೆ ನುಗ್ಗುತ್ತದೆ. 2019ರಲ್ಲಿ ಆದದ್ದು ಅದೇ. 2021ರ ಜುಲೈನಲ್ಲಿ ಮತ್ತೆ ನೀರು ಬಂತು.

ಮಲಪ್ರಭೆಯದು ಇನ್ನೂ ವಿಚಿತ್ರ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಗೆ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಅದು ಎಲ್ಲ ವರ್ಷವೂ ತುಂಬುವುದಿಲ್ಲ. ತುಂಬದ ವರ್ಷಗಳಲ್ಲಿ ಕೆಳಗಿನ ಪಾತ್ರ ಒಣಗಿರುತ್ತದೆ. ಒಣಗಿದ ಪಾತ್ರಕ್ಕೆ ಕಬ್ಬು ಬರುತ್ತದೆ, ಜಾಲಿ ಬರುತ್ತದೆ, ಹೂಳು ಕೂರುತ್ತದೆ. ಹೊಳೆ ವರ್ಷದಿಂದ ವರ್ಷಕ್ಕೆ ಇಕ್ಕಟ್ಟಾಗುತ್ತದೆ. ಆಮೇಲೆ ಒಂದು ವರ್ಷ ಗೇಟು ಎತ್ತಿದಾಗ, ಮೊದಲು ದಂಡೆಯೊಳಗೇ ಹೋಗುತ್ತಿದ್ದ ನೀರು ಈಗ ರಾಮದುರ್ಗದ ಓಣಿಗಳಿಗೂ ಬಾದಾಮಿ ತಾಲ್ಲೂಕಿನ ಹಳ್ಳಿಗಳಿಗೂ ಬರುತ್ತದೆ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತ್ತು. ಹಳೆಯ ಕ್ಯುಸೆಕ್ ಅನುಭವ ಈ ನದಿಯಲ್ಲಿ ಕೆಲಸ ಮಾಡುವುದಿಲ್ಲ. ಪಾತ್ರವೇ ಬದಲಾಗಿರುವಾಗ ನಕ್ಷೆಯನ್ನೂ ಆಗಾಗ ಹೊಸದಾಗಿ ಮಾಡಬೇಕು.

ಮೋಡದ ಆಚೆಯಿಂದ ನೋಡುವ ಕಣ್ಣು

ಪ್ರವಾಹದ ದಿನ ಆಕಾಶ ತುಂಬ ಮೋಡ. ಮಾಮೂಲಿ ಕ್ಯಾಮೆರಾ ಇರುವ ಉಪಗ್ರಹಕ್ಕೆ ಬಿಳಿ ಮೋಡ ಬಿಟ್ಟು ಏನೂ ಕಾಣುವುದಿಲ್ಲ. ಅದಕ್ಕೇ ರಾಡಾರ್ ಉಪಗ್ರಹ ಬೇಕು. ಅದು ತಾನೇ ರೇಡಿಯೊ ಅಲೆ ಕಳಿಸಿ, ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಹಗಲು, ರಾತ್ರಿ, ಮೋಡ ಯಾವುದೂ ಅಡ್ಡಿಯಲ್ಲ. ನುಣ್ಣಗಿನ ನೀರಿಗೆ ಬಿದ್ದ ಅಲೆ ಆಚೆಗೆ ಜಾರಿಹೋಗುತ್ತದೆ, ಉಪಗ್ರಹದ ಕಡೆ ತಿರುಗುವುದಿಲ್ಲ. ಹಾಗಾಗಿ ನೀರು ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಮೇ ತಿಂಗಳ ಚಿತ್ರವನ್ನೂ ಆಗಸ್ಟಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹೊಸದಾಗಿ ಎಲ್ಲಿ ಕಪ್ಪಾಗಿದೆಯೋ ಅಲ್ಲಿ ನೆರೆ ಎಂದು ಲೆಕ್ಕ.

ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರಗಳು 2014ರಿಂದ ಸಿಗುತ್ತಿವೆ, ಅದೂ ಪುಕ್ಕಟೆ. ನಮ್ಮ ಇಸ್ರೊ 2012ರಲ್ಲಿ ರೀಸ್ಯಾಟ್-1, 2022ರಲ್ಲಿ ಇಒಎಸ್-04 ಹಾರಿಸಿತು. 2025ರ ಜುಲೈ 30ರಂದು ನಾಸಾ ಜೊತೆ ಸೇರಿ ನಿಸಾರ್ ಕಳಿಸಿತು. ಸೆಂಟಿನೆಲ್ 2014ರಿಂದಲೇ ಇರುವುದರಿಂದ 2019 ಮತ್ತು 2021ರ ನೆರೆಯ ಚಿತ್ರಗಳು ಈಗಲೂ ದಾಖಲೆಯಲ್ಲಿವೆ. ಕಾಲೇಜಿನ ಹುಡುಗರು ಕೂಡ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ತೆರೆದು ನೋಡಬಹುದು.

ಸೆಂಟಿನೆಲ್-1ರ ಚಿತ್ರದಲ್ಲಿ ಒಂದು ಚುಕ್ಕೆ ಸಾಮಾನ್ಯವಾಗಿ 10 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಗುಂಟೆ. ಒಂದು ಎಕರೆಗೆ ಸುಮಾರು 40 ಚುಕ್ಕೆ. ಹೊಲದ ಮಟ್ಟದಲ್ಲಿ ನೀರು ನಿಂತಿತ್ತೋ ಇಲ್ಲವೋ ಎಂದು ನೋಡಲು ಇದು ಸಾಕು. ಬೆಳೆ ಪರಿಹಾರದ ಹೊತ್ತಿನಲ್ಲಿ ಯಾರ ಹೊಲ ಮುಳುಗಿತ್ತು, ಯಾರದು ಮುಳುಗಿರಲಿಲ್ಲ ಎಂದು ಊರೂರಲ್ಲಿ ಜಗಳವಾಗುತ್ತದೆ, ಅಲ್ವಾ? ಆ ದಿನದ ರಾಡಾರ್ ಚಿತ್ರದ ಮೇಲೆ ಸರ್ವೆ ನಂಬರಿನ ಗಡಿ ಇಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅರ್ಧ ಎಂದು ಯಾಕೆ ಹೇಳಿದೆ ಎಂದರೆ, ನಮ್ಮ ಸೀಮೆಯಲ್ಲಿ ಈ ಕಣ್ಣಿಗೆ ಒಂದು ದೊಡ್ಡ ತೊಡಕಿದೆ. ಅದು ಕಬ್ಬು. ಆಳೆತ್ತರ ಬೆಳೆದ ಕಬ್ಬಿನ ಬುಡದಲ್ಲಿ ಎರಡು ಅಡಿ ನೀರು ನಿಂತಿದ್ದರೂ ಸೆಂಟಿನೆಲ್‌ನ ಅಲೆ ಗರಿಗೇ ಬಡಿದು ತಿರುಗುತ್ತದೆ. ಚಿತ್ರದಲ್ಲಿ ಹೊಲ ಒಣಗಿದಂತೆ ಕಾಣುತ್ತದೆ. ಪೇಟೆಯಲ್ಲೂ ಹಾಗೇ. ಮನೆಗಳ ನಡುವಿನ ನೀರಿಗೆ ಬಡಿದ ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಕಪ್ಪಗೆ ಕಾಣಬೇಕಾದ ಜಾಗ ಬೆಳ್ಳಗೆ ಕಾಣುತ್ತದೆ. ಗೋಕಾಕದಂಥ ಊರಿನ ಒಳಗೆ ಎಲ್ಲೆಲ್ಲಿ ನೀರಿತ್ತು ಎಂದು ಇದೊಂದನ್ನೇ ನಂಬಿ ಹೇಳಲಾಗದು. ನಿಸಾರ್‌ನಲ್ಲಿರುವ ಉದ್ದನೆಯ ಅಲೆ ಗರಿಯನ್ನು ದಾಟಿ ಒಳಗೆ ಹೋಗುವುದು ಜಾಸ್ತಿ. ಕಬ್ಬಿನ ಸೀಮೆಗೆ ಅದು ದೊಡ್ಡ ಉಪಕಾರ ಆಗಬಹುದು.

ಇನ್ನೊಂದು ತೊಂದರೆ ಸಮಯದ್ದು. ಒಂದು ಸೆಂಟಿನೆಲ್ ಉಪಗ್ರಹ ಅದೇ ಹಾದಿಗೆ ಮತ್ತೆ ಬರಲು 12 ದಿನ ಬೇಕು, ಎರಡಿದ್ದರೆ 6 ದಿನ. ಕೃಷ್ಣೆಯ ನೆರೆ ವಾರಗಟ್ಟಲೆ ನಿಲ್ಲುತ್ತದೆ, ಚಿತ್ರಕ್ಕೆ ಸಿಗುತ್ತದೆ. ಒಂದೇ ರಾತ್ರಿ ಬಂದು ಹೋಗುವ, ವಿಜಯಪುರ ಕಡೆಯ ಡೋಣಿ ಹೊಳೆಯ ನೆರೆ ಸಿಗುವುದು ಕಷ್ಟ. ಅಂಥ ಕಡೆ ಜನರ ನೆನಪೇ ದಾಖಲೆ. ಎಷ್ಟೋ ಮನೆಗಳ ಗೋಡೆಯ ಮೇಲೆ 2009ರ ನೀರು ಇಲ್ಲಿತನಕ, 2019ರ ನೀರು ಇಲ್ಲಿತನಕ ಎಂಬ ಗುರುತು ಉಳಿದಿರುತ್ತದೆ. ಸುಣ್ಣ ಬಳಿಯುವ ಮೊದಲು ಅದರ ಫೋಟೊ ತೆಗೆದು, ನೆಲದಿಂದ ಎಷ್ಟು ಅಡಿ ಎಂದು ಅಳೆದು, ಜಾಗದ ಗುರುತು ಸಮೇತ ಇಟ್ಟುಕೊಂಡರೆ ಅದು ಉಪಗ್ರಹದ ಚಿತ್ರದಷ್ಟೇ ಬೆಲೆ ಬಾಳುವ ಮಾಹಿತಿ. ಆಳ ಎಷ್ಟಿತ್ತು ಎಂಬುದನ್ನು ಉಪಗ್ರಹ ಹೇಳುವುದಿಲ್ಲ, ಗೋಡೆಯ ಗುರುತು ಹೇಳುತ್ತದೆ.

ಎತ್ತರದ ಲೆಕ್ಕ ತಪ್ಪಿದರೆ ಎಲ್ಲ ತಪ್ಪಿತು

ಹಿಂದೆ ಎಲ್ಲಿ ನೀರು ಬಂತು ಎಂಬುದು ಒಂದು ನಕ್ಷೆ. ಮುಂದೆ ಎಷ್ಟು ಕ್ಯುಸೆಕ್‌ಗೆ ಎಲ್ಲಿತನಕ ಬರುತ್ತದೆ ಎಂಬುದು ಬೇರೆಯೇ ನಕ್ಷೆ. ಎರಡನೆಯದಕ್ಕೆ ನೆಲದ ಎತ್ತರ ಸರಿಯಾಗಿ ಗೊತ್ತಿರಬೇಕು. ಇಲ್ಲಿ ನಾವು ಬಹಳ ಹುಷಾರಾಗಿರಬೇಕು.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಉಚಿತ ಎತ್ತರದ ನಕ್ಷೆಗಳಲ್ಲಿ ಒಂದು, 2000ರ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ಅಳೆದದ್ದು. ಇಸ್ರೊದ ಕಾರ್ಟೊಸ್ಯಾಟ್-1ರಿಂದ ಮಾಡಿದ ನಕ್ಷೆ ಭುವನ್ ಪೋರ್ಟಲ್‌ನಲ್ಲಿದೆ. ಉಚಿತವಾಗಿ ಸಿಗುವ ಈ ಎರಡರಲ್ಲೂ ಒಂದು ಚುಕ್ಕೆ ಎಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಅಂದರೆ ಸುಮಾರು 9 ಗುಂಟೆ. 9 ಗುಂಟೆಯಲ್ಲಿ ನಮ್ಮ ಹಳ್ಳಿಯ ಒಂದು ಓಣಿಯೇ ಮುಗಿಯುತ್ತದೆ. ಅಷ್ಟಕ್ಕೂ ಸೇರಿ ಒಂದೇ ಎತ್ತರ. ಅದರಲ್ಲೂ ಕೆಲವು ಮೀಟರ್ ಹೆಚ್ಚುಕಮ್ಮಿ ಇರುವುದು ಸಹಜ. 2000ರ ಆಚೆ ಕಟ್ಟಿದ ಒಡ್ಡು, ಎತ್ತರಿಸಿದ ರಸ್ತೆ ಯಾವುದೂ ಆ ಹಳೆಯ ನಕ್ಷೆಯಲ್ಲಿಲ್ಲ.

ಕೆಲವು ಮೀಟರ್ ಎಂದರೆ ಏನು ಎಂಬುದನ್ನು ಬಾಗಲಕೋಟೆಯವರಿಗೆ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.6 ಮೀಟರ್. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದ ಎತ್ತರ 524.256 ಮೀಟರ್. ನಡುವಿನ ಅಂತರ ಐದು ಮೀಟರೂ ಇಲ್ಲ. ಅಷ್ಟರಲ್ಲೇ ಎಷ್ಟೊಂದು ಹಳ್ಳಿ, ಎಷ್ಟೊಂದು ಜಮೀನು, ರಾಜ್ಯ ರಾಜ್ಯಗಳ ನಡುವಿನ ಜಗಳ ಇದೆ ನೋಡಿ. ಹಳೇ ಬಾಗಲಕೋಟೆಯ ಓಣಿಗಳು ಮುಳುಗಿ, ನವನಗರ ಎದ್ದದ್ದು ಇದೇ ಮಟ್ಟದ ಗೆರೆಗಳ ಲೆಕ್ಕದಲ್ಲಿ. ಅಲ್ಲಿನ ಸಾಮಾನ್ಯ ಜನರೂ ಚಹಾದಂಗಡಿಯಲ್ಲಿ 519, 524 ಎಂದು ಮಾತಾಡುತ್ತಾರೆ.

ಈ ಉದಾಹರಣೆ ಸುಮ್ನೆ ಕೊಡುತ್ತಿಲ್ಲ. ಜಲಾಶಯಕ್ಕೆ ಜಮೀನು ತೆಗೆದುಕೊಳ್ಳುವಾಗ ಸರ್ಕಾರ ಮಟ್ಟದ ಗೆರೆಯನ್ನು ನೆಲದ ಮೇಲೆ ಅಳೆದು, ಸರ್ವೆ ನಂಬರಿಗೆ ಇಳಿಸಿ, ಯಾರ ಮನೆ ಒಳಗೆ, ಯಾರ ಮನೆ ಹೊರಗೆ ಎಂದು ಗುರುತಿಸಿತು. ಅಂದರೆ ಈ ಕೆಲಸ ಆಗದ ಕೆಲಸವೇನಲ್ಲ. ಸ್ವಾಧೀನಕ್ಕೆ ಮಾಡಿದ ಅಳತೆಯನ್ನು ಜೀವ ಉಳಿಸಲು ಯಾಕೆ ಮಾಡಬಾರದು? ನದಿ ದಂಡೆಯ ಹಳ್ಳಿಗಳಿಗಷ್ಟೇ ಡ್ರೋನಿನಿಂದಲೋ ಲೇಸರ್ ಯಂತ್ರದಿಂದಲೋ ಎತ್ತರ ಅಳೆದರೂ ಸಾಕು. ಜಿಲ್ಲೆ ಪೂರ್ತಿ ಅಳೆಯಬೇಕಿಲ್ಲ.

ಡ್ರೋನು ಆಗಲೇ ಹಳ್ಳಿಗೆ ಬಂದಿದೆ ಕೂಡ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆ ಇರುವುದೇ ಗಾಂವಠಾಣದ, ಅಂದರೆ ಊರೊಳಗಿನ ವಸತಿ ಜಾಗದ, ಮನೆಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಪತ್ರ ಕೊಡುವುದಕ್ಕೆ. ಆ ಚಿತ್ರಗಳನ್ನು ನೆರೆ ನಕ್ಷೆಗೂ ಬಳಸಬಹುದು. ಆದರೆ ಅದರಲ್ಲೊಂದು ಬಿಟ್ಟುಹೋದ ಜಾಗ ಇದೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಎಷ್ಟೋ ಕುಟುಂಬ ಊರೊಳಗೆ ಇರುವುದಿಲ್ಲ, ತೋಟದ ಮನೆಯಲ್ಲಿ ಇರುತ್ತವೆ. ಹೊಳೆಗೆ ಹತ್ತಿರ ಇರುವುದೂ ಅವೇ, ಮೊದಲು ನೀರು ಸುತ್ತುವರಿಯುವುದೂ ಅವನ್ನೇ. ಗಾಂವಠಾಣದ ನಕ್ಷೆಯಲ್ಲಿ ಅವು ಇಲ್ಲ.

ನೀರಿನ ನಕ್ಷೆ ಬೇರೆ, ಅಪಾಯದ ನಕ್ಷೆ ಬೇರೆ

ಎಷ್ಟು ನೀರು ಬರಬಹುದು ಎಂಬುದರ ಜೊತೆಗೆ ಅಲ್ಲಿ ಯಾರಿದ್ದಾರೆ, ಏನಿದೆ, ಅದು ಎಷ್ಟು ತಡೆದುಕೊಳ್ಳುತ್ತದೆ ಎಂಬ ಮೂರೂ ಸೇರಿದರೆ ಮಾತ್ರ ಅಪಾಯ ಎಷ್ಟು ಎಂದು ಹೇಳಬಹುದು. ಒಂದೇ ಎತ್ತರದ ನೀರು ಸಿಮೆಂಟ್ ಮನೆಯಲ್ಲಿ ಕೆಸರು ಬಿಟ್ಟು ಹೋಗುತ್ತದೆ. ಮಣ್ಣಿನ ಗೋಡೆಯ ಮಾಳಿಗೆ ಮನೆಯನ್ನು ಬೀಳಿಸುತ್ತದೆ. ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳು ಈಗಲೂ ಇವೆ. ಬಿಸಿಲಿಗೆ ಅದರಷ್ಟು ತಂಪು ಮನೆ ಬೇರೆ ಇಲ್ಲ. ಆದರೆ ಬಿಡದೆ ಮಳೆ ಹಿಡಿದರೆ ಹೊಳೆ ಬರುವುದೇ ಬೇಡ, ಮೇಲಿನ ಮಣ್ಣು ನೀರು ಕುಡಿದು ಭಾರವಾಗಿ ತೊಲೆ ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆಯಲ್ಲಿ ಹೀಗೆ ಬಿದ್ದ ಮನೆಗಳು ಬಹಳ. ಹೊಳೆ ದಂಡೆಯನ್ನಷ್ಟೇ ಕೆಂಪು ಬಳಿದ ನಕ್ಷೆಯಲ್ಲಿ ಈ ಮನೆಗಳು ಕಾಣುವುದೇ ಇಲ್ಲ.

ರಸ್ತೆಗಳದ್ದೂ ಇದೇ ಮಾತು. ಚಿಕ್ಕೋಡಿ, ನಿಪ್ಪಾಣಿ ಕಡೆಯ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಎಲ್ಲರಿಗೂ ಗೊತ್ತು. ಊರಿಗೆ ನೀರು ಬಂದಿರುವುದಿಲ್ಲ, ಆದರೂ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಲು ಸುತ್ತು ಹಾಕಬೇಕು. ಯಾವ ಮಟ್ಟಕ್ಕೆ ಯಾವ ಸೇತುವೆ ಬಂದ್, ಆಗ ಯಾವ ಊರು ಯಾವ ಆಸ್ಪತ್ರೆಗೆ ಎಷ್ಟು ಕಿಲೋಮೀಟರ್ ದೂರವಾಗುತ್ತದೆ ಎಂದು ನಕ್ಷೆ ತಂತ್ರಾಂಶದಲ್ಲಿ ಲೆಕ್ಕ ಹಾಕುವುದು ಕಷ್ಟವಲ್ಲ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ನಕ್ಷೆ.

ವಿಜಯಪುರಕ್ಕೆ ಬಂದರೆ ಅಪಾಯದ ಮುಖವೇ ಬೇರೆ. ಬೆಳಗಾವಿಯ ಪಶ್ಚಿಮ ಅಂಚಿನ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ವಿಜಯಪುರದಲ್ಲಿ ಸುಮಾರು 600 ಮಿ.ಮೀ. ಬರಗಾಲವೇ ಅಲ್ಲಿನ ದೊಡ್ಡ ಕೇಡು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಬರ ಘೋಷಿಸುವಾಗ ಮಳೆ ಕೊರತೆಯ ಜೊತೆಗೆ ಉಪಗ್ರಹದಲ್ಲಿ ಕಾಣುವ ಬೆಳೆಯ ಹಸಿರು, ಮಣ್ಣಿನ ತೇವ ನೋಡುತ್ತಾರೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆಯೇ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಅದು ಇಟ್ಟಿರುವ ಮಳೆ ಮಾಪಕಗಳ ಜಾಲ ನಮ್ಮ ರಾಜ್ಯದ ದೊಡ್ಡ ಆಸ್ತಿ.

ಅದೇ ವಿಜಯಪುರದಲ್ಲಿ ಡೋಣಿ ಹರಿಯುತ್ತದೆ. ಡೋಣಿ ಬೆಳೆದರೆ ಓಣಿ ತುಂಬ ಕಾಳು ಎನ್ನುವ ಸೀಮೆ ಅದು. ಹೂಳು ತುಂಬಿದ ಆ ಪಾತ್ರಕ್ಕೆ ಒಂದು ದೊಡ್ಡ ಮಳೆ ಬಿದ್ದರೆ ತಾಳಿಕೋಟೆ ಹತ್ತಿರದ ಸೇತುವೆ ಮುಳುಗುತ್ತದೆ, ಎರೆ ಹೊಲದ ಮಣ್ಣು ಕೊಚ್ಚಿ ಹೋಗುತ್ತದೆ. ಮಾಪಕದಲ್ಲಿ ಮಳೆ ದಾಖಲಾದ ಹೊತ್ತಿಗೂ ಸೇತುವೆ ಮುಳುಗುವ ಹೊತ್ತಿಗೂ ಅಂತರ ಕೆಲವೇ ತಾಸು. ಆ ತಾಸುಗಳಲ್ಲಿ ಕೆಳಗಿನ ಊರಿಗೆ ಸುದ್ದಿ ಮುಟ್ಟಬೇಕಾದರೆ ಮೇಲಿನ ಯಾವ ಪಂಚಾಯಿತಿಯ ಮಳೆ ಯಾವ ಹಳ್ಳಕ್ಕೆ ಹೋಗುತ್ತದೆ ಎಂಬ ನಕ್ಷೆ ಮೊದಲೇ ತಯಾರಿರಬೇಕು.

ಭೂಕಂಪದ ಬಗ್ಗೆ ಎರಡೇ ಮಾತು. 2002ರ ಭಾರತೀಯ ಮಾನದಂಡದ ನಕ್ಷೆಯಲ್ಲಿ ಬೆಳಗಾವಿ, ವಿಜಯಪುರ ಎರಡೂ 3ನೇ ವಲಯದಲ್ಲಿದ್ದವು. ವಿಜಯಪುರದಲ್ಲಿ ಆಗಾಗ ಆಗುವ ಸಣ್ಣ ಕಂಪನಗಳಿಗೆ ಜನ ಹೆದರುತ್ತಾರೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಮಣ್ಣು, ಕಲ್ಲಿನ ಭಾರದ ಮನೆಗಳೇ ಹೆಚ್ಚು ಜೀವ ತೆಗೆದವು. ಮಳೆಗೆ ಬೀಳುವ ಮನೆಯೂ ಕಂಪನಕ್ಕೆ ಬೀಳುವ ಮನೆಯೂ ಬಹುಪಾಲು ಒಂದೇ ಆಗಿರುವುದರಿಂದ, ಮನೆಗಳ ಗಟ್ಟಿತನದ ಒಂದು ಸಮೀಕ್ಷೆ ಎರಡಕ್ಕೂ ಬರುತ್ತದೆ.

ಗೆರೆ ಎಳೆಯಲು ಯಾಕೆ ಹಿಂಜರಿಕೆ?

ಗಡಿಯಾಚೆ ಕೊಲ್ಹಾಪುರ, ಸಾಂಗಲಿಯಲ್ಲಿ ನೀಲಿ ರೇಖೆ, ಕೆಂಪು ರೇಖೆ ಎಂಬ ಮಾತು ಕೇಳಿರಬಹುದು. 25 ವರ್ಷಕ್ಕೊಮ್ಮೆ ಬರುವಂಥ ನೆರೆಯ ಗಡಿ ನೀಲಿ, 100 ವರ್ಷಕ್ಕೊಮ್ಮೆಯದು ಕೆಂಪು. ನೀಲಿಯೊಳಗೆ ಮನೆ ಕಟ್ಟಲು ಬಿಡಬಾರದು ಎಂಬುದು ನಿಯಮ. ನಿಯಮ ಮೀರಿದವರು ಅಲ್ಲೂ ಇದ್ದಾರೆ. ಆದರೆ ಗೆರೆ ಇದ್ದರೆ ಕೇಳುವುದಕ್ಕಾದರೂ ಒಂದು ಆಧಾರ ಇರುತ್ತದೆ. ನೆರೆ ಪ್ರದೇಶವನ್ನು ಹೀಗೆ ವಿಂಗಡಿಸುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಕಾಯ್ದೆ ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು.

100 ವರ್ಷಕ್ಕೊಮ್ಮೆ ಎಂದರೆ ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ ಎಂದು ಅರ್ಥ. ಕೆಂಪು ರೇಖೆಯ ಮೇಲೆ ಮನೆ ಕಟ್ಟಿ 30 ವರ್ಷ ಬಾಳಿದರೆ ಅಷ್ಟರೊಳಗೆ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಶೇ 26. ನೀಲಿ ರೇಖೆಯ ಮೇಲಾದರೆ ಶೇ 71. ಮನೆ ಕಟ್ಟುವ ಮೊದಲು ಈ ಲೆಕ್ಕ ಯಾರಾದರೂ ಕೂತು ಹೇಳಬೇಕು, ಅಲ್ವಾ?

2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಸಿಕ್ಕಿತು. ಆ ದುಡ್ಡಿನಲ್ಲಿ ಎಷ್ಟೋ ಜನ ಅದೇ ಜಾಗದಲ್ಲಿ, ಅದೇ ಮಟ್ಟದಲ್ಲಿ ಮತ್ತೆ ಮನೆ ಕಟ್ಟಿದರು. ಅವರನ್ನು ದೂರುವುದು ತಪ್ಪು. ಬೇರೆ ಜಾಗ ಇಲ್ಲ, ಹೊಲ ಅಲ್ಲೇ ಇದೆ, ದನ ಅಲ್ಲೇ ಕಟ್ಟಬೇಕು. 2009ರ ನಂತರ ಆಸರೆ ಯೋಜನೆಯಲ್ಲಿ ಕಟ್ಟಿದ ಮನೆಗಳಲ್ಲಿ ಕೆಲವು ಕಡೆ ಜನ ಹೋಗದೆ ಉಳಿದದ್ದಕ್ಕೂ ಇವೇ ಕಾರಣ. ಹೊಸ ಜಾಗ ಆರಿಸುವಾಗ ನೀರು ಬರದ ಎತ್ತರವನ್ನಷ್ಟೇ ನೋಡಿದರೆ ಸಾಲದು. ಹೊಲಕ್ಕೆ ಎಷ್ಟು ದೂರ, ದನ ಕಟ್ಟಲು ಜಾಗ ಇದೆಯೋ, ಬಾವಿ ಇದೆಯೋ, ಇವನ್ನೂ ಅದೇ ನಕ್ಷೆಯ ಮೇಲಿಟ್ಟು ನೋಡಬೇಕು. ಊರಿನವರನ್ನು ಕೂರಿಸಿಕೊಂಡು ನೋಡಬೇಕು.

ನಕ್ಷೆ ಬಹಿರಂಗ ಮಾಡಿದರೆ ಜಮೀನಿನ ಬೆಲೆ ಬೀಳುತ್ತದೆ, ಬ್ಯಾಂಕಿನವರು ಸಾಲ ಕೊಡುವುದಿಲ್ಲ ಎಂಬ ಅಂಜಿಕೆ ಇದೆ. ಅದು ನಿಜವಾದ ಅಂಜಿಕೆ, ತಳ್ಳಿಹಾಕುವಂಥದ್ದಲ್ಲ. ಹಾಗಾಗಿ ಹೊಲವನ್ನೂ ಮನೆಯನ್ನೂ ಬೇರೆ ಬೇರೆ ನೋಡಬೇಕು. ನೆರೆ ಬರುವ ಹೊಲ ಬೇಸಾಯಕ್ಕೆ ಕೆಟ್ಟದ್ದಲ್ಲ. ಹೊಳೆ ತಂದ ಮಣ್ಣಿನಿಂದಲೇ ಆ ದಂಡೆಗಳು ಇಷ್ಟು ಫಲವತ್ತಾಗಿವೆ. ಅಲ್ಲಿ ಉಳಬಹುದು, ಬೆಳೆಯಬಹುದು, ಮಲಗುವ ಮನೆ ಮಾತ್ರ ಬೇಡ ಎಂದು ಗೆರೆ ಹೇಳಬೇಕು. ಜಮೀನು ಕೊಳ್ಳುವವರಿಂದ ನೆರೆಯ ವಿಷಯ ಮುಚ್ಚಿಟ್ಟು ಬೆಲೆ ಕಾಪಾಡಿದರೆ ಅದರ ಪೆಟ್ಟು ಮುಂದೆ ಕೊಂಡವರ ಮಕ್ಕಳಿಗೆ ಬೀಳುತ್ತದೆ.

ನಾವು ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಈಗಾಗಲೇ ಮೊಬೈಲಿನಲ್ಲಿ ತೋರಿಸುತ್ತದೆ. ಅದರ ಮೇಲೆ 2019 ಮತ್ತು 2021ರ ನೀರಿನ ಗಡಿಯನ್ನು ಒಂದು ಪದರವಾಗಿ ಹಾಕಿದರೆ ರೈತ ತನ್ನ ಹೊಲದಲ್ಲಿ ನಿಂತೇ ನೋಡಬಹುದು. ಮುಂದಿನ ಹಂತದಲ್ಲಿ 1 ಲಕ್ಷ, 2 ಲಕ್ಷ, 3 ಲಕ್ಷ ಕ್ಯುಸೆಕ್‌ಗೆ ನೀರು ಎಲ್ಲಿತನಕ ಎಂಬ ಗೆರೆಗಳನ್ನು ಸೇರಿಸಬಹುದು. ಮೊಬೈಲ್ ಇಲ್ಲದವರಿಗೆ ಅದೇ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಕಾಳಜಿ ಕೇಂದ್ರ ಎಲ್ಲಿ, ದನಗಳಿಗೆ ಮೇವು ಎಲ್ಲಿ ಎಂಬುದೂ ಅದರಲ್ಲೇ ಇರಬೇಕು.

ಆ ನಕ್ಷೆ ಬರುವವರೆಗೆ ಹೊಳೆ ದಂಡೆಯ ಪಂಚಾಯಿತಿಗಳು ಇದೇ ಬೇಸಿಗೆಯಲ್ಲಿ ಒಂದು ಕೆಲಸ ಮುಗಿಸಬಹುದು. ಗಾಂವಠಾಣದ ಹೊರಗಿರುವ ಪ್ರತಿ ತೋಟದ ಮನೆಯನ್ನು ಮೊಬೈಲಿನಲ್ಲಿ ಗುರುತಿಸಿ, ಎಷ್ಟು ಜನ, ಎಷ್ಟು ದನ, 2019ರಲ್ಲಿ ನೀರು ಎಲ್ಲಿತನಕ ಬಂದಿತ್ತು ಎಂದು ಬರೆದುಕೊಳ್ಳುವುದು. ಮೇ ತಿಂಗಳೊಳಗೆ ಆ ಪಟ್ಟಿ ತಹಶೀಲ್ದಾರರ ಕೈಯಲ್ಲಿದ್ದರೆ ಜುಲೈನಲ್ಲಿ ದೋಣಿ ಯಾವ ಕಡೆ ಮೊದಲು ಹೋಗಬೇಕು ಎಂದು ರಾತ್ರೋರಾತ್ರಿ ಹುಡುಕುವ ಪ್ರಸಂಗ ಬರುವುದಿಲ್ಲ.